ಕಾರಿನ ಹೊಗೆಗೂ ಲೆಕ್ಕ ಉಂಟು



"ಹೊಗೆ ತಪಾಸಣೆಯೆಲ್ಲ ಬೆಂಗಳೂರಿನವರಿಗೆ. ನಮ್ಮ ಬುಕ್ಕಾಂಬುಧಿಯಂಥ ಹಳ್ಳಿಯಲ್ಲಿ ಯಾರು ಕೇಳ್ತಾರೆ?" ಈರುಳ್ಳಿ ಹೊಲ, ತೆಂಗಿನ ತೋಟಗಳ ನಡುವೆ ಕಾರು ಓಡಿಸುವವರಿಗೆ ಹೀಗೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಕಾನೂನು ಊರು ನೋಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ನೋಂದಣಿಯಾಗಿ ಒಂದು ವರ್ಷ ತುಂಬಿದ ಮೇಲೆ ಪೆಟ್ರೋಲ್, ಡೀಸೆಲ್, ಗ್ಯಾಸ್ ಯಾವುದರಲ್ಲಿ ಓಡುವ ಕಾರಿಗೂ ಎಮಿಷನ್ ಸರ್ಟಿಫಿಕೇಟ್ ಇರಲೇಬೇಕು. ಬ್ಯಾಟರಿ ಕಾರಿಗೆ ಮಾತ್ರ ಇದರ ಗೊಡವೆಯಿಲ್ಲ.

ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ಬಿಎಸ್-4, ಬಿಎಸ್-6 ಕಾರುಗಳಿಗೆ ಸರ್ಟಿಫಿಕೇಟು ಒಂದು ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಇಲ್ಲದೆ ಸಿಕ್ಕಿಬಿದ್ದರೆ? 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡನ್ನೂ ಹೇಳುತ್ತದೆ. ಮೂರು ತಿಂಗಳು ಲೈಸೆನ್ಸಿಗೂ ಕುತ್ತು.

ದಂಡದ ಭಯ ಹಾಗಿರಲಿ. ಆ ಚೀಟಿಯಲ್ಲಿ ಏನು ಬರೆದಿರುತ್ತದೆ ಎಂದು ಓದುವವರು ಎಷ್ಟು ಮಂದಿ?

ಪೆಟ್ರೋಲ್ ಕಾರನ್ನು ಚಾಲೂ ಇಟ್ಟು ಸೈಲೆನ್ಸರಿನೊಳಗೆ ಒಂದು ನಳಿಗೆ ತೂರಿಸುತ್ತಾರೆ. ಯಂತ್ರ ಮುಖ್ಯವಾಗಿ ಎರಡನ್ನು ಅಳೆಯುತ್ತದೆ. ಒಂದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ "ನನ್ನ ಗಾಡಿಯಲ್ಲಿ ಹೊಗೆಯೇ ಕಾಣಲ್ಲ" ಎಂಬ ವಾದ ಇಲ್ಲಿ ನಡೆಯದು. ಇನ್ನೊಂದು ಹೈಡ್ರೋಕಾರ್ಬನ್, ಅಂದರೆ ಉರಿಯದೆ ಹೊರಬಿದ್ದ ಪೆಟ್ರೋಲು; ನೀವು ದುಡ್ಡು ಕೊಟ್ಟು ಹಾಕಿಸಿದ್ದೇ! ಬಿಎಸ್-4 ಪೆಟ್ರೋಲ್ ಕಾರಿಗೆ ಮೊದಲನೆಯದು ಶೇಕಡಾ 0.3, ಎರಡನೆಯದು ಹತ್ತು ಲಕ್ಷದಲ್ಲಿ 200 ಭಾಗ ಮೀರಬಾರದು. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಮೊದಲನೆಯದು ಏರಬಹುದು, ಸ್ಪಾರ್ಕ್ ಪ್ಲಗ್ ಸವೆದಿದ್ದರೆ ಎರಡನೆಯದು. ಮಣ್ಣು ರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರು ಪೇಟೆಯ ಗಾಡಿಯದಕ್ಕಿಂತ ಬೇಗ ಕಟ್ಟುತ್ತದೆ. ಹಾಗೆ ನೋಡಿದರೆ ಈ ಪರೀಕ್ಷೆ ಬೇಕಾದದ್ದು ಹಳ್ಳಿಯವರಿಗೇ ಒಂದು ಪಟ್ಟು ಹೆಚ್ಚು.

ಡೀಸೆಲ್ ಗಾಡಿಯ ಕ್ರಮ ಬೇರೆ. ಗೇರಿಗೆ ಹಾಕದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಡುತ್ತಾರೆ, ಮತ್ತೆ ಮತ್ತೆ. ಆ ಹೊಗೆಯೊಳಗೆ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಮಸಿ ನುಂಗಿತು ಎಂದು ನೋಡುತ್ತಾರೆ.

ಒಂದು ಅನುಕೂಲದ ಮಾತು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡುವುದು. ತಣ್ಣಗಿರುವ ಇಂಜಿನ್ನನ್ನು ಪರೀಕ್ಷೆಗೆ ಒಡ್ಡಿದರೆ ಒಳ್ಳೆಯ ಕಾರೂ ಫೇಲಾಗಬಹುದು. ಬುಕ್ಕಾಂಬುಧಿಯಿಂದ ತರೀಕೆರೆಗೋ ಕಡೂರಿಗೋ ಓಡಿಸಿಕೊಂಡು ಹೋಗುವವರಿಗೆ ಆ ಚಿಂತೆಯಿಲ್ಲ. ಹೋದ ಕೂಡಲೇ ಪರೀಕ್ಷೆ ಮಾಡಿಸಿ, ಚಹಾ ಆಮೇಲೆ ಕುಡಿಯಿರಿ.

ಕೆಲವೆಡೆ ನಳಿಗೆ ಹಾಕದೆಯೇ, ನಂಬರ್ ಪ್ಲೇಟಿನ ಫೋಟೋ ಹೊಡೆದು ಚೀಟಿ ಕೈಗಿಡುವುದೂ ಉಂಟು. ಮಾಲೀಕರಿಗೆ ಸಮಯ ಉಳಿಯಿತೆಂಬ ಖುಷಿ. ನನ್ನ ಪ್ರಕಾರ ಅದು ಶುದ್ಧ ನಷ್ಟ: ದುಡ್ಡೂ ಹೋಯಿತು, ಇಂಜಿನ್ನಿನ ಸ್ಥಿತಿಯೂ ತಿಳಿಯಲಿಲ್ಲ. 2021ರಿಂದ ದೇಶಕ್ಕೆಲ್ಲ ಒಂದೇ ನಮೂನೆಯ, ಕ್ಯೂಆರ್ ಕೋಡ್ ಇರುವ ಸರ್ಟಿಫಿಕೇಟ್ ಬಂದಿದೆ. ಗಾಡಿ ಫೇಲಾದರೆ ಕಾರಣ ಬರೆದ ಚೀಟಿ ಕೊಡಬೇಕೆಂಬ ನಿಯಮವೂ ಅದರೊಂದಿಗೇ ಬಂತು. ಆ ಚೀಟಿಯನ್ನು ಮೆಕ್ಯಾನಿಕ್‌ಗೆ ತೋರಿಸಿದರೆ ಅವನ ಅರ್ಧ ಕೆಲಸ ಮುಗಿದಂತೆ.

ಮುಂದಿನ ಸಲ ತಪಾಸಣೆಗೆ ಹೋದಾಗ ಕಾರಿನಿಂದ ಇಳಿದು ಹಿಂದೆ ಬಂದು ನಿಲ್ಲಿ. ನಳಿಗೆ ಸೈಲೆನ್ಸರಿನೊಳಗೆ ಹೋಯಿತೇ ನೋಡಿ. ಹಳೆಯ ಚೀಟಿಯನ್ನು ಬಿಸಾಡದೆ, ಹಳತು ಹೊಸತು ಎರಡರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ಓದಿ.