ಗೊಬ್ಬರದ ಎರಡನೇ ಸೂಜಿ ಎಲ್ಲಿ ತಪ್ತದ?

ಕುರಕುಂಟಾ ಸ್ಟೇಷನ್‌ನ್ಯಾಗ ರೈಲಿಗೆ ಕಾಯ್ಲಿಕತ್ತವರು, ಸೇಡಂ-ಚಿತ್ತಾಪುರ ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರು, ಇವತ್ತಿನ ಮಾತು ನಿಮಗೇ. ದಡಾರದ ಲಸಿಕೆ ಬಗ್ಗೆ. ದಡಾರ ಅಂದ್ರ ನಮ್ಮ ಕಡೆ ಗೊಬ್ಬರ.

ನೆನಪದನ? 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೀತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ ಸೂಜಿ. ವಾಟ್ಸಾಪ್‌ನ್ಯಾಗ ಏನೇನೋ ವದಂತಿ. ಅವತ್ತು ಸಾಲಿನಲ್ಲಿ ನಿಂತ ಹುಡುಗ-ಹುಡುಗಿಯರೇ ಈಗ ಅಪ್ಪ-ಅವ್ವ ಆಗ್ಲಿಕತ್ತಾರ.

ಈಗ ನಿಮ್ಮ ಕೂಸಿನ ಲೆಕ್ಕ. ಮೊದಲ ಡೋಸ್ 9ರಿಂದ 12 ತಿಂಗಳೊಳಗ. ಎರಡನೇದು 16ರಿಂದ 24 ತಿಂಗಳೊಳಗ. ಮೊದಲನೇದು ಹೆಂಗೋ ಆಗ್ತದ, ಆಶಾ ಅಕ್ಕ ಮನಿಗೇ ಬಂದು ಕರೀತಾಳ. ಎರಡನೇದು ಬರೋ ಹೊತ್ತಿಗೆ ಕೂಸು ಎಲ್ಲಿರ್ತದ? ಅಪ್ಪ-ಅವ್ವನ ಜೋಡಿ ಹೈದರಾಬಾದ್‌ನ್ಯಾಗೋ, ಪುಣೆಯ ಕಟ್ಟಡದ ಕೆಲಸದ ಜಾಗದಾಗೋ. ತಾಯಿ ಕಾರ್ಡ್ ಊರಿನ ಟ್ರಂಕಿನ್ಯಾಗ.

‘ಒಂದು ಹಾಕ್ಸೀವಲ್ಲ, ಸಾಕು’ ಅಂತಾರ. ಸಾಕಾಗಲ್ರಿ. 9 ತಿಂಗಳಿಗೆ ಹಾಕಿದ ಸೂಜಿ 100 ಮಕ್ಕಳಲ್ಲಿ ಸುಮಾರು 85 ಮಂದಿಗೆ ಹತ್ತತದ. ಉಳಿದ 15 ಮಕ್ಕಳು ಯಾರು ಅಂತ ಮುಖ ನೋಡಿ ಹೇಳಕ್ಕಾಗಲ್ಲ. ಎರಡನೇ ಸೂಜಿ ಇರೋದು ಆ ಮಕ್ಕಳಿಗಾಗಿ.

ಈ ರೋಗ ಭಾಳ ಚುರುಕು. ರೋಗಿ ಎದ್ದು ಹೋದ ಮೇಲೂ 2 ತಾಸಿನ ತನಕ ವೈರಸ್ ಗಾಳಿಯಲ್ಲಿ ಉಳೀತದ. ಮೈಮೇಲೆ ಗುಳ್ಳಿ ಕಾಣೋ 4 ದಿನ ಮೊದಲೇ ಹರಡಲಿಕ್ಕೆ ಶುರು. 2022ರಲ್ಲಿ ಮುಂಬೈನ ಗೋವಂಡಿಯಲ್ಲಿ ಮಕ್ಕಳು ಸತ್ತದ್ದು ಇದರಿಂದಲೇ. ನಮ್ಮ ಮಂದಿ ದುಡಿಯಲಿಕ್ಕೆ ಹೋಗೋದೂ ಅಂಥ ಇಕ್ಕಟ್ಟಿನ ಓಣಿಗಳಿಗೇ.

‘ಅಮ್ಮ ಬಂದಾಳ’ ಅಂತ ಬೇವಿನ ತೊಪ್ಪಲು ಕಟ್ಟೋದಕ್ಕೆ ನನ್ನ ತಕರಾರಿಲ್ಲ. ಆದ್ರ ಕೂಸಿಗೆ ಉಸಿರು ಜೋರಾದ್ರ, ಭೇದಿ ನಿಲ್ಲದಿದ್ರ, ಅವತ್ತೇ ದವಾಖಾನಿಗೆ ಹೋಗ್ರಿ. ನ್ಯುಮೋನಿಯಾ ಕಾಯಲ್ಲ.

ಒಬ್ಬರು ಕೇಳಿದ್ರು, ಖಾಸಗಿಯಲ್ಲಿ ಎಂಎಂಆರ್, ಸರಕಾರದ್ದು ಬರೀ ಎಂಆರ್ ಯಾಕ? ಖಾಸಗಿಯದರಲ್ಲಿ ಮಂಗನಬಾವಿನ ಲಸಿಕೆನೂ ಸೇರಿರ್ತದ, ಅಷ್ಟೇ ಫರಕು. ಗೊಬ್ಬರ, ರುಬೆಲ್ಲಾಕ್ಕೆ ಪುಕ್ಕಟೆ ಸೂಜಿ ಏನೂ ಕಮ್ಮಿಯದಲ್ಲ. ರುಬೆಲ್ಲಾ ಗಂಡುಮಕ್ಕಳಿಗ್ಯಾಕ ಅಂದ್ರ, ಅವರಿಂದ ಬಸುರಿಗೆ ಹತ್ತಿದ್ರ ಹುಟ್ಟೋ ಕೂಸಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದರೆ ಬರಬಹುದು.

ತಪ್ಪಿ ಹೋಗಿದ್ರ? ಸರಕಾರಿ ದವಾಖಾನಿಯಲ್ಲಿ 5 ವರ್ಷದ ತನಕ ಹಾಕ್ತಾರ, ದೇಶದ ಯಾವ ಊರಿನಲ್ಲಾದರೂ. ತಾಯಿ ಕಾರ್ಡಿನ ಫೋಟೋ ಇವತ್ತೇ ಮೊಬೈಲ್‌ನ್ಯಾಗ ತೆಗೆದಿಡ್ರಿ, ಪುಣೆಯ ನರ್ಸಮ್ಮಗೆ ತೋರ್ಸಲಿಕ್ಕೆ ಬೇಕಾಗ್ತದ.