ಶಪಿಸಬೇಡಿ, ಜೊತೆಗೆ ನಿಲ್ಲಿ
(ಹೆಗ್ಗೋಡು ಸೀಮೆಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ನಮ್ಮ ಜಮಾಅತ್‌ಗಳಲ್ಲಿ ಎರಡು ಬಗೆಯ ಮನೆಗಳ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಒಂದು, ಮಗ ಕುಡಿತಕ್ಕೋ ಗಾಂಜಾಕ್ಕೋ ಬಿದ್ದ ಮನೆ. ಇನ್ನೊಂದು, ಆಟಿಸಂ ಅಥವಾ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಗುವಿನ ಮನೆ. ಎರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ತಪ್ಪು ಹೆಜ್ಜೆ ಇದೆ, ಎರಡನೆಯದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಎರಡೂ ಮನೆಯ ತಾಯಂದಿರಿಗೆ ನಾವು ಕೊಡುವುದು ಒಂದೇ: ಬೆನ್ನ ಹಿಂದಿನ ಮಾತು. ಅವರು ಮದುವೆಗೆ ಬರುವುದನ್ನು, ಈದ್‌ಗೆ ನೆಂಟರ ಮನೆಗೆ ಹೋಗುವುದನ್ನು ಬಿಟ್ಟುಬಿಡುತ್ತಾರೆ.

ಅಮಲು ಹರಾಮ್. ಸೂರಃ ಅಲ್ ಮಾಇದಾದ 90ನೇ ವಚನದ ಬಳಿಕ ಇದರಲ್ಲಿ ಸಂಶಯವಿಲ್ಲ. ಆದರೆ ಸಹೀಹ್ ಬುಖಾರಿಯಲ್ಲಿರುವ ಘಟನೆಯನ್ನೂ ನೆನಪಿಡಿ. ಅಬ್ದುಲ್ಲಾ ಎಂಬವರನ್ನು ಕುಡಿದ ಕಾರಣಕ್ಕೆ ಮತ್ತೆ ಮತ್ತೆ ಪ್ರವಾದಿ(ಸ)ರ ಮುಂದೆ ತರಲಾಗುತ್ತಿತ್ತು. ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಅಲ್ಲಿದ್ದ ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ತಿಳಿಸಿದರು. ತಪ್ಪನ್ನು ತಪ್ಪೆಂದರು, ಮನುಷ್ಯನನ್ನು ಹೊರಗೆ ಹಾಕಲಿಲ್ಲ.

ಸಹೀಹ್ ಮುಸ್ಲಿಮ್‌ನಲ್ಲಿ ಅನಸ್(ರ) ವರದಿ ಮಾಡಿದ ಇನ್ನೊಂದು ಘಟನೆಯಿದೆ. ಬುದ್ಧಿಯಲ್ಲಿ ತೊಂದರೆಯಿದ್ದ ಮಹಿಳೆಯೊಬ್ಬರು ತಮಗೇನೋ ಕೆಲಸವಿದೆ ಎಂದಾಗ, ಯಾವ ಬೀದಿಯಾದರೂ ಸರಿ ಬರುತ್ತೇನೆಂದು ಹೇಳಿ, ಅವರ ಅಗತ್ಯ ಮುಗಿಯುವ ತನಕ ಪ್ರವಾದಿ(ಸ) ಜೊತೆಗೆ ನಿಂತರು. ನಾವೋ, ಮಸೀದಿಯಲ್ಲಿ ಮಗು ಕೂಗಿದರೆ ತಂದೆಯತ್ತ ಕಣ್ಣು ಕೆಂಪು ಮಾಡುತ್ತೇವೆ.

ಆಟಿಸಂ ತಾಯಿಯ ಪಾಪದ ಫಲವಲ್ಲ, ಸಾಕಿದ ರೀತಿಯ ದೋಷವೂ ಅಲ್ಲ. ದುಆ ಮಾಡಿ, ಆದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ. ತರಬೇತಿ ಬೇಗ ಶುರುವಾದಷ್ಟೂ ಮಗುವಿಗೆ ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಮತ್ತು ಬುದ್ಧಿಮಾಂದ್ಯವನ್ನು ಗುರುತಿಸಿದೆ. ಯುಡಿಐಡಿ ಕಾರ್ಡ್ ಮಾಡಿಸಿ. ಅದು ಭಿಕ್ಷೆಯಲ್ಲ, ಹಕ್ಕು.

ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾದಲ್ಲಿ ಬಿಡಿಸಬೇಕು. ಇನ್ನೊಂದು ಮಾತು: ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಚಟವನ್ನು ಮುಚ್ಚಿಟ್ಟು ನಿಕಾಹ್ ಮಾಡಿಸುವುದು ಚಿಕಿತ್ಸೆಯಲ್ಲ. ಅದು ಬಡ ಮನೆಯ ಹೆಣ್ಣುಮಗಳೊಬ್ಬಳಿಗೆ ಮಾಡುವ ವಂಚನೆ. ಗೊತ್ತಿದ್ದೂ ಸುಮ್ಮನಿದ್ದ ಹಿರಿಯರೂ ಉತ್ತರ ಕೊಡಬೇಕಾದೀತು.

ಹಾಗಾದರೆ ನಾವೇನು ಮಾಡಬಹುದು? ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್. ಅಡಿಕೆ ಸುಲಿಯುವ ತಾಯಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಬಡವರಿಗೆ ಸಲ್ಲುವ ಝಕಾತ್‌ನಲ್ಲಿ ಇಂಥ ಮನೆಗಳನ್ನು ನೆನೆಯಿರಿ. ಜೊತೆಗೆ ಹೋಗಲು ಒಬ್ಬ ಯುವಕನನ್ನು ಕಳಿಸಿ. ವಾರದಲ್ಲಿ ಒಂದು ಮಧ್ಯಾಹ್ನ ಆ ಮಗುವನ್ನು ನಿಮ್ಮ ಮನೆಯಲ್ಲಿ ಕೂರಿಸಿಕೊಳ್ಳಿ, ತಾಯಿ ಸ್ವಲ್ಪ ಮಲಗಲಿ. ಚಟ ಬಿಟ್ಟು ಬಂದವನಿಗೆ ಕೆಲಸ ಕೊಡಿ, ಮತ್ತೆ ಬಿದ್ದರೆ ಮತ್ತೆ ಕರೆದೊಯ್ಯಿರಿ. ಮಾತಾಡಲು ನಾಚಿಕೆಯಾದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು. ವ್ಯಸನದ ವಿಷಯಕ್ಕೆ 14446 ಇದೆ.

ಇಂದು ನಮಾಝ್ ಮುಗಿಸಿ ಹೋಗುವಾಗ, ಬಹಳ ದಿನದಿಂದ ಸಫ್‌ನಲ್ಲಿ ಕಾಣದ ಒಬ್ಬರನ್ನು ನೆನಪಿಸಿಕೊಳ್ಳಿ. ಅವರ ಮನೆಗೆ ಹೋಗಿ ಸಲಾಮ್ ಹೇಳಿ. ಉಪದೇಶ ಬೇಡ, ಒಂದು ಲೋಟ ಚಹಾ ಕುಡಿದು ಬನ್ನಿ.

ಅಲ್ಲಾಹನು ಆ ಮನೆಗಳ ಭಾರವನ್ನು ಹಗುರಗೊಳಿಸಲಿ, ಅದನ್ನು ಹೊರಲು ನಮಗೂ ಹೆಗಲು ಕೊಡಲಿ. ಆಮೀನ್.