ಬಿಡುಗಡೆ ಪತ್ರವನ್ನು ನಂಬಬೇಡಿ
(ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣ)



ಒಂದು ಎಕರೆ ಹೊಲ ಕೊಳ್ಳುವಾಗ ನೀವು ಪಹಣಿ ನೋಡುತ್ತೀರಿ, ಕ್ರಯಪತ್ರ ನೋಂದಣಿ ಮಾಡಿಸುತ್ತೀರಿ. ಅರಳಿಕಟ್ಟೆಯ ಮೇಲೆ ಕುಳಿತು ಬರೆದ ಚೀಟಿಯನ್ನು ನಂಬಿ ಯಾರೂ ಹಣ ಎಣಿಸುವುದಿಲ್ಲ. ಆದರೆ ಮಗಳ ಬಾಳಿನ ಪ್ರಶ್ನೆ ಬಂದಾಗ ಅದೇ ಕಟ್ಟೆಯ ಚೀಟಿಯನ್ನು ನಂಬಿಬಿಡುತ್ತೇವೆ.

ನಡೆಯುವುದು ಹೀಗೆ. ಗಂಡ ಹೆಂಡತಿಗೆ ಹೊಂದಿಕೆಯಾಗುವುದಿಲ್ಲ. ಹಿರಿಯರು ಸೇರಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಇದನ್ನು ಸೋಡಚೀಟಿ ಎನ್ನುವರು. ಇಬ್ಬರೂ ಸಹಿ ಹಾಕಿದರೆ ಎಲ್ಲವೂ ತೀರಿತೆಂದು ತಿಳಿದು, ಗಂಡ ಬೇರೆ ಮದುವೆಯಾಗುತ್ತಾನೆ.

1955ರ ಹಿಂದೂ ವಿವಾಹ ಕಾಯಿದೆಯಂತೆ ಇಂಥ ಕಾಗದದಿಂದ ಮದುವೆ ಮುರಿಯದು. ಪಂಗಡದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯ ವಿಚ್ಛೇದನವನ್ನು ಕಾಯಿದೆ ಉಳಿಸಿದೆ, ನಿಜ. ಆದರೆ ಆ ರೂಢಿಯನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕು. ಆಗದಿದ್ದರೆ ಎರಡನೆಯ ಮದುವೆ ಅಸಿಂಧು. ಏಳು ವರ್ಷದವರೆಗೆ ಸಜೆಯೂ ಆಗಬಹುದು. ನಂಬಿ ಬಂದ ಎರಡನೆಯ ಹೆಣ್ಣುಮಗಳಿಗೆ ಹೆಂಡತಿಯೆಂಬ ಸ್ಥಾನ ಸಿಗದು.

ಹಾಗಾದರೆ ಸರಿಯಾದ ದಾರಿ ಯಾವುದು? ಹಿಂದೂ ದಂಪತಿಗಳಿಗೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಇಬ್ಬರ ಒಪ್ಪಿಗೆಯ ವಿಚ್ಛೇದನ. ಇದು 1976ರಲ್ಲಿ ಕಾಯಿದೆಗೆ ಸೇರಿತು. ಒಂದು ವರ್ಷವಾದರೂ ಬೇರೆಯಾಗಿದ್ದವರು ಕೂಡಿ ಅರ್ಜಿ ಕೊಡಬಹುದು. ಮರಳಿ ಯೋಚಿಸಲು ಆರು ತಿಂಗಳ ಕಾಲವಿದೆ. ತಕ್ಕ ಕಾರಣವಿದ್ದರೆ ನ್ಯಾಯಾಲಯ ಈ ಕಾಲವನ್ನು ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಎರಡನೆಯದು, ಒಬ್ಬರು ಒಪ್ಪದಾಗ ಕಾರಣ ತೋರಿಸಿ ಕೇಳುವ ವಿಚ್ಛೇದನ. ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ತೊರೆದಿರುವುದು ಇಂಥ ಕಾರಣಗಳು.

ಮೂರನೆಯದು, ನ್ಯಾಯಾಲಯದ ಆಜ್ಞೆಯಿಂದ ಬೇರೆ ವಾಸ. ಇದರಲ್ಲಿ ಮದುವೆ ಉಳಿಯುತ್ತದೆ. ಕೂಡಿ ಬಾಳಬೇಕೆಂಬ ಕಟ್ಟು ಇರದು. ಮುಂದೆ ಮನಸ್ಸು ತಿಳಿಯಾದರೆ ಒಂದಾಗಬಹುದು.

ಮುಸ್ಲಿಮರಿಗೆ, ಕ್ರೈಸ್ತರಿಗೆ ವಿಚ್ಛೇದನದ ಕಾನೂನು ಬೇರೆ. ಆದರೆ ನಿರ್ಗತಿಕಳಾದ ಹೆಂಡತಿ ಯಾವ ಮತದವಳಾದರೂ ಮ್ಯಾಜಿಸ್ಟ್ರೇಟರಲ್ಲಿ ಅಥವಾ ಕುಟುಂಬ ನ್ಯಾಯಾಲಯದಲ್ಲಿ ಜೀವನಾಂಶ ಕೇಳಬಹುದು. ಅದಕ್ಕೆ ವಿಚ್ಛೇದನವಾಗಿರಲೇಬೇಕೆಂದಿಲ್ಲ. ಮಕ್ಕಳ ಪಾಲನೆಯ ಹಕ್ಕನ್ನು ಮಾತ್ರ ತಂದೆತಾಯಿ ಯಾವ ಚೀಟಿಯಲ್ಲಿ ಬರೆದುಕೊಟ್ಟರೂ ಅದು ಹೋಗದು. ಹಿಂದೂ ಕಾನೂನಿನಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲೇ ಇರಬೇಕು.

"ಕೋರ್ಟಿಗೆ ಹೋಗಲು ಹಣವೆಲ್ಲಿ?" ಎಂದು ಕೇಳುವಿರಿ. 1987ರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೆ 15100ಕ್ಕೆ ದೂರವಾಣಿ ಮಾಡಿ. ಹಿಂದೂ ಹೆಂಡತಿ ತವರಿನಲ್ಲಿ ವಾಸವಾಗಿದ್ದರೆ ಅಲ್ಲಿನ ನ್ಯಾಯಾಲಯದಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು.

ಊರ ಹಿರಿಯರಲ್ಲಿ ಒಂದು ಬಿನ್ನಹ. ಮುರಿದ ಮನಸ್ಸುಗಳನ್ನು ಕೂಡಿಸುವುದು ನಿಮ್ಮ ದೊಡ್ಡತನ. ಆ ಕೆಲಸ ಮಾಡಿ. ಆದರೆ ಹೊಡೆತಕ್ಕೆ ಹೆದರಿ ಬಂದ ಮಗಳನ್ನು ಮತ್ತೆ ಅಲ್ಲಿಗೇ ಅಟ್ಟಬೇಡಿ. ಕೂಡಿಸಲು ಆಗದಿದ್ದರೆ ಛಾಪಾ ಕಾಗದ ತರಿಸುವ ಬದಲು, ಅವಳ ಜೊತೆಗೆ ತಾಲ್ಲೂಕು ನ್ಯಾಯಾಲಯದವರೆಗೆ ನಡೆಯಿರಿ. ಹೊಲದ ಕಾಗದಕ್ಕೆ ತೋರುವ ಎಚ್ಚರವನ್ನು ಮನೆಮಕ್ಕಳ ಬಾಳಿಗೂ ತೋರೋಣ.